ನಳಿನಿ ಇರುವ ಫೋಟೊ

“ಒಂದೂ ಇಲ್ವಲ್ಲೋ!” ನಳಿನಿಯ ಗೆಳತಿ ಅನಸೂಯ ತಮ್ಮ ಫೋನನ್ನು ಮತ್ತೆ ಮೊದಲಿನಿಂದ ಜಾಲಾಡತೊಡಗಿದರು. ನಳಿನಿ ತೀರಿಕೊಂಡು ಮೂರು ದಿನವಾಗಿತ್ತು. ಅಂತ್ಯಕ್ರಿಯೆ ನಡೆಯಲಿದ್ದ ಫ್ಯೂನರಲ್ ಹೋಮಿನ ಪರದೆಗೆ ಹಾಕಲು ಒಂದು ಫೋಟೊ ಬೇಕಿತ್ತು. ಹ್ಯೂಸ್ಟನ್ನಿನ ಕನ್ನಡದವರ ಮನೆಗಳ ಇಪ್ಪತ್ತೆಂಟು ವರ್ಷದ ಯುಗಾದಿ, ಗೃಹಪ್ರವೇಶ, ನಾಮಕರಣದ ಯಾವ ಫೋಟೊದಲ್ಲೂ ಅವರಿರಲಿಲ್ಲ.

“ಎಲ್ಲಾ ಅವರೇ ತೆಗೀತಿದ್ದಿದ್ದು.” ಅನಸೂಯರ ದನಿ ಸಣ್ಣದಾಯಿತು. “ನೀವೂ ಬಂದು ನಿಂತ್ಕೊಳ್ಳಿ ಅಂತ ಒಬ್ರೂ ಕರೀಲಿಲ್ಲ. ನಾನೂ ಕರೀಲಿಲ್ಲ.”

ಶಮಂತ್ ಬೆಳಿಗ್ಗೆ ಆಸ್ಟಿನ್ನಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ. ನಳಿನಿಯ ತಮ್ಮನ ಮಗ. ಈ ದೇಶದಲ್ಲಿ ಅವರಿಗಿದ್ದ ಒಬ್ಬನೇ ಸಂಬಂಧಿ. ಅವನು ಅತ್ತೆಯ ಫೋನು ನೋಡುತ್ತಿದ್ದ.

“ಆಂಟಿ, ಇದೊಂದಿದೆ.”

ಮೋಡದ ನಡುವೆ ಬಂಗಾರ ಬಣ್ಣದ ಮಂದಿರ. ಅದರೆದುರು ನಳಿನಿ, ಸುತ್ತ ಹತ್ತು ಜನ ಚೀನೀಯರು. ನಳಿನಿ ಬಾಯ್ತುಂಬ ನಗುತ್ತಿದ್ದರು.

“ಯಾರೋ ಇವರೆಲ್ಲ?”

“ಗೊತ್ತಿಲ್ಲ ಆಂಟಿ. ಚೀನಾಕ್ಕೆ ಹೋಗಿದ್ದೇ ನಂಗೆ ಗೊತ್ತಿರ್ಲಿಲ್ಲ.”

*

ಲ್ಯಾಬ್ ಕೆಲಸದಿಂದ ನಿವೃತ್ತರಾದ ವರ್ಷ ನಳಿನಿ ಚೀನಾದ ಎಮೈ ಪರ್ವತಕ್ಕೆ ಒಬ್ಬರೇ ಹೋಗಿದ್ದರು. ಚೀನೀ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಅದರ ಚಿತ್ರವಿತ್ತು. ವರ್ಷ ಮುಗಿದರೂ ಅದನ್ನು ಅಡುಗೆಮನೆಯ ಗೋಡೆಯಿಂದ ತೆಗೆದಿರಲಿಲ್ಲ. ಎರಡು ದಿನ ಮೆಟ್ಟಿಲು ಹತ್ತಿದರು. ದಾರಿಯ ಪ್ರತಿ ಬೌದ್ಧ ಮಂದಿರದಲ್ಲೂ ಊದುಬತ್ತಿ ಹಚ್ಚಿದರು. ಯಾರಿಗಾಗಿ ಬೇಡಿಕೊಳ್ಳಬೇಕೆಂದು ತಿಳಿಯದೆ ಸುಮ್ಮನೆ ಕೈಮುಗಿದರು.

ತುದಿಯಲ್ಲಿ, ಬಂಗಾರ ಬಣ್ಣದ ಮಂದಿರದೆದುರು, ಆನೆಗಳ ಮೇಲೆ ಕುಳಿತ ಬೋಧಿಸತ್ವನ ವಿಗ್ರಹದ ಬಳಿ, ಒಬ್ಬ ಮುದುಕಿಯತ್ತ ಫೋನು ಚಾಚಿ, ನನ್ನದೊಂದು ತೆಗೆಯಿರಿ ಎಂದು ಸನ್ನೆ ಮಾಡಿದರು. ಮುದುಕಿಗೆ ಬೇರೆಯೇ ಅರ್ಥವಾಯಿತು. ಫೋನನ್ನು ಯಾರೋ ದಾರಿಹೋಕನ ಕೈಗಿಟ್ಟು, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕೂಗಿ ಕರೆದು, ನಳಿನಿಯ ತೋಳು ಹಿಡಿದು ನಡುವೆ ನಿಲ್ಲಿಸಿಕೊಂಡಳು.

ಆಮೇಲೂ ತೋಳು ಬಿಡಲಿಲ್ಲ. ಇಳಿಯುವಾಗ ದಾರಿಯುದ್ದಕ್ಕೂ ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. “ಹೌದಾ? ನಂಗೂ ಮಂಡಿನೋವು ಕಣ್ರೀ,” ಎಂದು ನಳಿನಿ ಕನ್ನಡದಲ್ಲೇ ಶುರುಮಾಡಿದರು. ಬಸ್ಸಿನ ಹತ್ತಿರ ಬಂದಾಗ ಅವರ ಮಾತು ಇನ್ನೂ ಮುಗಿದಿರಲಿಲ್ಲ.

*

“ಬೇರೆಯವರನ್ನ ಕ್ರಾಪ್ ಮಾಡ್ಲಾ ಆಂಟಿ?”

“ಬೇಡಪ್ಪ. ಹಾಗೇ ಹಾಕು.”

ಅಂತ್ಯಕ್ರಿಯೆಯ ದಿನ ಫ್ಯೂನರಲ್ ಹೋಮಿನ ಹಿಂದಿನ ಸಾಲುಗಳಲ್ಲಿ ಏಳು ಜನ ಕೂತರು. ಮನೆಯವರಿಗೆಂದು ಬಿಟ್ಟಿದ್ದ ಮುಂದಿನ ಸಾಲಿನಲ್ಲಿ ಶಮಂತ್ ಒಬ್ಬನೇ. ಬಾಗಿಲು ಮುಚ್ಚಲು ಬಂದ ಅಲ್ಲಿನ ಕೆಲಸದ ಹೆಂಗಸು ಖಾಲಿ ಕುರ್ಚಿಗಳನ್ನು ನೋಡಿದಳು, ಪರದೆಯಲ್ಲಿ ನಳಿನಿಯ ಸುತ್ತ ನಿಂತ ಹತ್ತು ಜನರನ್ನು ನೋಡಿದಳು. ಅವನ ಬಳಿ ಬಗ್ಗಿ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು: “ಮನೆಯವರು ಇನ್ನೂ ದಾರಿಯಲ್ಲಿದ್ದಾರಾ? ಕಾಯೋಣವಾ?”

ಶಮಂತ್ ತಲೆಯೆತ್ತಿ ಫೋಟೊ ನೋಡಿದ.

“ಐದು ನಿಮಿಷ,” ಎಂದ.

ಅವಳು ಬಾಗಿಲನ್ನು ಪೂರ್ತಿ ತೆರೆದು, ಅದು ಮುಚ್ಚಿಕೊಳ್ಳದಂತೆ ಒಂದು ಕುರ್ಚಿ ಒತ್ತಿಟ್ಟು ಹೋದಳು.