ಬೋರಲು ತಾಟು

ಮೂರು ಡಬ್ಬಿಗಳನ್ನು ತಂದವಳು ನಾನೇ. ಕುಂಕುಮದ ಭರಣಿಗಿಂತ ತುಸು ದೊಡ್ಡವು, ಬಿಳಿಯವು. ಹೊಟ್ಟೆಯ ಕೆಳಗೆ ಎರಡು ಸಣ್ಣ ಲೋಹದ ಮೊಳೆಗಳು. ಎರಡಕ್ಕೂ ಒಟ್ಟಿಗೆ ನೀರು ತಾಕಿದರೆ ಡಬ್ಬಿ ಚೀರುತ್ತದೆ. ಯಾರಾದರೂ ಎತ್ತಿ ಒರೆಸುವ ತನಕ ಚೀರುತ್ತಲೇ ಇರುತ್ತದೆ.

ಒಂದನ್ನು ಪಾತ್ರೆ ತೊಳೆಯುವ ಮೋರಿಯ ಪಕ್ಕದಲ್ಲಿಟ್ಟೆ. ಇನ್ನೊಂದನ್ನು ಬಚ್ಚಲ ಬಾಗಿಲಲ್ಲಿ. ಮೂರನೆಯದನ್ನು ನಡುಮನೆಯ ಮೂಲೆಯಲ್ಲಿ, ಅತ್ತೆಯವರ ತಂಬೂರಿಯ ಬಳಿ. ಅವತ್ತು ಮೋರಿಯ ನಳ ನೋಡಲು ಬಂದಿದ್ದ ಪ್ಲಂಬರ್ ಯಾಸೀನ ಒಂದು ಡಬ್ಬಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ.

"ಏನ್ ಕಾಲ ಬಂತ್ರಿ ಬಾಯಾರ! ಮೊದಲ ನಳದಾಗ ನೀರು ಬಂದ್ರ ಓಣಿ ತುಂಬ ನಾವ ಒದರ್ತಿದ್ವಿ, ಬಂತು ಬಂತು ಅಂತ. ಈಗ ಅದಕ್ಕೂ ಒಂದು ಮಶೀನು."

"ನಳ ಸೋರತದೇನು, ಅದನ್ನ ನೋಡ್ರಿ."

"ನಳ ಗಟ್ಟಿ ಐತ್ರಿ. ವಾಶರ್ ಹೊಸಾದು. ತಾನಾಗಿ ಬಿಚ್ಚೂ ಪೈಕಿ ಅಲ್ಲ." ಅವನು ನಡುಮನೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಯಾರರೆ ಕೈ ಹಚ್ಚಿದ್ರ ಮಾತ್ರ ಬಿಚ್ಚತೈತಿ. ವಯಸ್ಸಾದವರು ಇದ್ದ ಮನ್ಯಾಗ ಹಿಂಗ ಆಕ್ಕಾವ್ರಿ."

ನನ್ನ ಮನಸ್ಸಿನಲ್ಲಿದ್ದದ್ದನ್ನೇ ಅವನು ಹೇಳಿದ.

ಅದಕ್ಕೆ ಹದಿನೈದು ದಿನ ಮೊದಲು, ಮಾರ್ಚಿನ ಒಂದು ಮಧ್ಯಾಹ್ನ, ಹುಬ್ಬಳ್ಳಿಯ ನವನಗರದ ನಮ್ಮ ಮನೆಯೊಳಗೆ ನೀರು ತುಂಬಿತ್ತು. ನಾನು ಬೆಳಗಿನ ಕಾಲೇಜಿನಲ್ಲಿ ಗ್ರಂಥಪಾಲಕಿ. ಏಳಕ್ಕೆ ಹೋಗಿ ಒಂದೂವರೆಗೆ ಮರಳುತ್ತೇನೆ. ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಗ್ಯಾಸು, ಕದ, ನಳ ಎಲ್ಲವನ್ನೂ ಎರಡೆರಡು ಸಲ ಮುಟ್ಟಿ ಬಂದರೂ ಕಿವಿ ಎದ್ದೇ ಇರುತ್ತದೆ. ಹೀಗಾಗಿ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಕಲ್ಲು ಬಾವಿಗೆ ಬಿದ್ದ ಹಾಗೆ ನಿದ್ದೆ. ಅವತ್ತು ನಾಲ್ಕಕ್ಕೆ ಅತ್ತೆಯವರ ಹತ್ತಿರ ಸಂಗೀತ ಕಲಿಯುವ ಹುಡುಗಿಯರು ಬಂದು ಬಾಗಿಲು ಬಡಿದಾಗ ಎಚ್ಚರವಾಯಿತು. ಅತ್ತೆಯೂ ತಮ್ಮ ಕೋಣೆಯಲ್ಲಿ ಕದ ಹಾಕಿಕೊಂಡು ಮಲಗಿದ್ದರು. ಕಾಲು ತಣ್ಣಗಾಗಿದ್ದವು. ಮಂಚದಿಂದ ಇಳಿದರೆ ನಾಲ್ಕು ಬೆರಳು ನೀರು. ಮೋರಿಯ ನಳ ಪೂರ್ತಿ ತೆರೆದಿತ್ತು. ಅದರ ಕೆಳಗೆ ಒಂದು ಸ್ಟೀಲಿನ ತಾಟು, ನೀರು ಹೋಗುವ ಜಾಳಿಯನ್ನು ಸರಿಯಾಗಿ ಮುಚ್ಚಿಕೊಂಡು, ಬೋರಲು ಬಿದ್ದಿತ್ತು.

ತಂಬೂರಿಯ ಬುರುಡೆ ನೀರಲ್ಲಿ ಕುಳಿತಿತ್ತು. ಅತ್ತೆಯವರ ತಂದೆ ಮೀರಜಿನಿಂದ ತಂದುಕೊಟ್ಟದ್ದು. ನಲವತ್ತು ವರ್ಷ ಅದನ್ನು ಮೀಟಿಯೇ ಅವರು ಪಾಠ ಹೇಳಿದ್ದರು. ಎರಡು ದಿನ ಬಿಟ್ಟು, ಒಣಗುವಾಗ, ಅದು ಒಂದು ಗೆರೆಯಗುಂಟ ಬಿರಿಯಿತು. ಅತ್ತೆ ಲಕ್ಷ್ಮೀಬಾಯಿ ಆ ಗೆರೆಯ ಮೇಲೆ ಬೆರಳಾಡಿಸಿದರು.

"ನಾನ ಬಿಟ್ಟಿರಬೇಕು, ಮಾನಸಿ. ಮುಖಾ ತೊಳದಿದ್ದೆ," ಎಂದರು.

ನಾನೂ ಹಾಗೆಯೇ ಅಂದುಕೊಂಡೆ. ಯಾಕೆಂದರೆ ಬೋರಲು ಹಾಕಿದ ಆ ತಾಟಿನ ಗುರುತು ನನಗಿತ್ತು. ಎಂಟು ದಿನಕ್ಕೊಮ್ಮೆ, ಯಾವ ಹೊತ್ತಿಗೆಂದು ಹೇಳದೆ ನೀರು ಬರುತ್ತಿದ್ದ ಕಾಲದಲ್ಲಿ ನಮ್ಮ ಕಡೆ ಒಣ ನಳವನ್ನು ತೆರೆದೇ ಬಿಟ್ಟು ಕೆಳಗೆ ತಾಟು ಬೋರಲು ಹಾಕುತ್ತಿದ್ದರು. ಮೊದಲ ಹನಿ ತಾಟಿನ ಬೆನ್ನಿಗೆ ಬಿದ್ದ ಸದ್ದಿಗೆ ಮನೆ ಏಳಬೇಕು. ಹಳೇ ಹುಬ್ಬಳ್ಳಿಯ ನನ್ನ ತವರಿನಲ್ಲಿ ಆ ಕಾವಲು ನನ್ನದು. ಒಂಬತ್ತು ವರ್ಷದವಳು, ಮೋರಿಯ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ. ಒಂದು ಸಲ ಹನಿ ಬಿದ್ದರೂ ಏಳಲಿಲ್ಲ. ಎದ್ದಾಗ ನೀರು ಬಂದು ಹೋಗಿತ್ತು. ಅವ್ವ ಬೈಯಲಿಲ್ಲ. ಖಾಲಿ ಕೊಡಗಳನ್ನು ಒಂದೊಂದಾಗಿ ಎತ್ತಿ ನೋಡಿ, ಮತ್ತೆ ಅಲ್ಲಲ್ಲೇ ಇಟ್ಟಳು.

ಈಗ ನಮ್ಮ ಓಣಿಗೆ ಹಗಲು ರಾತ್ರಿ ನೀರಿದೆ. ಎಪ್ಪತ್ತಾರರ ಅತ್ತೆಯವರ ಕೈ ಮಾತ್ರ ಅದನ್ನು ಮರೆತು ಹಳೆಯ ಕಾಲಕ್ಕೆ ಹೋಗಿಬರುತ್ತಿದೆ ಎಂದು ನನಗೆ ತೋರಿತು.

ಡಬ್ಬಿ ಮೊದಲ ಸಲ ಚೀರಿದ್ದು ಏಪ್ರಿಲ್ ಮೂರಕ್ಕೆ, ಮಧ್ಯಾಹ್ನ ಮೂರೂಕಾಲಿಗೆ. ಬೆಚ್ಚಿ ಎದ್ದು ಓಡಿದೆ. ಅತ್ತೆ ಮೋರಿಯಲ್ಲಿ ನಿಂತಿದ್ದರು, ಕೈ ನಳದ ಮೇಲಿತ್ತು. ಕಾಲ ಬಳಿ ಬೋರಲು ತಾಟು. ನೀರು ಮೋರಿ ದಾಟಿ ಆಗಷ್ಟೇ ಹೊರಬಿದ್ದಿತ್ತು. ನಾನು ಡಬ್ಬಿ ಎತ್ತಿ ಸೆರಗಿನಿಂದ ಒರೆಸಿದೆ. ಚೀರಾಟ ನಿಂತಿತು.

"ಅತ್ಯಾ, ಏನ್ರಿ ಇದು?"

ತಪ್ಪು ಮಾಡಿದವರ ಮುಖವಲ್ಲ ಅದು. ಅಪರಿಚಿತರು ಬಂದಾಗ ಬಾಗಿಲ ಸಂದಿಯಿಂದ ನೋಡುತ್ತಾರಲ್ಲ, ಹಾಗೆ ಅವರು ನನ್ನನ್ನು ನೋಡುತ್ತಿದ್ದರು.

"ನೀ... ಎದ್ದೀಯೇನು?" ಎಂದರು.

"ಇಷ್ಟು ಒದರಿದ್ರ ಏಳೂದಿಲ್ಲೇನ್ರಿ?"

"ಹೂಂ. ಈಗ ಎದ್ದೀದಿ ಬಿಡು."

ಆಮೇಲೆ ಒರೆಸುವ ಅರಿವೆ ತೆಗೆದುಕೊಂಡು ಮಂಡಿಯೂರಿ ಕುಳಿತರು. ಬೇಡವೆಂದರೂ ಕೇಳಲಿಲ್ಲ. ಮೋರಿಯ ಮುಂದಿನ ನೀರನ್ನಷ್ಟೇ ಅಲ್ಲ, ನೀರು ಬಾರದ ಕಡೆಯೂ ಒರೆಸಿದರು. ಪಡಸಾಲೆಯಗುಂಟ, ನಾನು ಮಲಗುವ ಕೋಣೆಯ ಬಾಗಿಲ ತನಕ. ಒಣ ನೆಲ ಒರೆಸುತ್ತಿದ್ದಾರಲ್ಲ ಎಂದು ನನಗೆ ಕೆಡುಕೆನಿಸಿತು.

ಮರುದಿನ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಒಂದೂ ತಾಟಿರಲಿಲ್ಲ. ಹುಡುಕಿದೆ. ಐದೂ ತಾಟುಗಳು ಅತ್ತೆಯವರ ಕಪಾಟಿನಲ್ಲಿ, ಇರಕಲ್ ಸೀರೆಗಳ ನಡುವೆ ಇದ್ದವು.

"ಇರ್ಲಿ ಅಲ್ಲೇ," ಎಂದರು. "ಊಟಕ್ಕ ನಾ ತಗದು ಕೊಡ್ತೀನಿ."

ಗಂಡ ವಿಜಯೀಂದ್ರರಿಗೆ ಹೇಳಿದೆ. ಅವರು ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಸಂಜೆ ದಣಿದು ಬಂದಿದ್ದರು. "ತಾಟು ಕಪಾಟಿನಾಗ ಇಟ್ಟಾಳಂದ್ರ ಇನ್ನ ಸೀರಿ ಅಡಗಿಮನ್ಯಾಗ ಇಡ್ತಾಳೇನು ನೋಡು," ಎಂದು ನಕ್ಕರು.

ಎಂಟು ದಿನ ಬಿಟ್ಟು ಡಬ್ಬಿ ಮತ್ತೆ ಚೀರಿತು. ಅದೇ ಹೊತ್ತು. ಓಡಿಹೋದರೆ ಅದೇ ಚಿತ್ರ: ನಳದ ಮೇಲೆ ಅತ್ತೆಯವರ ಕೈ, ನನ್ನನ್ನು ಅಳೆಯುವ ಅದೇ ನೋಟ. ಅಡುಗೆಮನೆಯಲ್ಲಿ ತಾಟಿರಲಿಲ್ಲವಲ್ಲ, ಈ ಸಲ ಜಾಳಿಯ ಮೇಲೆ ಬೋರಲು ಬಿದ್ದಿದ್ದು ದೇವರ ಮನೆಯ ಆರತಿ ತಟ್ಟೆ. ಬತ್ತಿಯ ಮಸಿ ನೀರಲ್ಲಿ ಎಳೆಎಳೆಯಾಗಿ ಹರಡುತ್ತಿತ್ತು. ಅತ್ತೆ ಮತ್ತೆ ನನ್ನ ಕೋಣೆಯ ತನಕ ಒಣ ನೆಲ ಒರೆಸಿದರು.

ಅವತ್ತು ನಾನು ದಿನಾಂಕ, ಹೊತ್ತು ಎಲ್ಲ ಒಂದು ಹಾಳೆಯಲ್ಲಿ ಬರೆದು ಗಂಡನ ಮುಂದಿಟ್ಟೆ. ಅಚ್ಚುಕಟ್ಟಾಗಿ ಬರೆದಿದ್ದೆ. ಅವರು ಓದಿ, ಪುಣೆಯಲ್ಲಿರುವ ಅಣ್ಣ ಮಿಲಿಂದನಿಗೆ ಫೋನ್ ಹಚ್ಚಿದರು.

"ಅವ್ವಾ, ಶನಿವಾರ ಸಂಜಿಮುಂದ ಅಣ್ಣ ಕಾರು ತಗೊಂಡು ಬರ್ತಾನ," ಎಂದು ಊಟದ ಹೊತ್ತಿಗೆ ಹೇಳಿದರು. "ಇನ್ನ ಮ್ಯಾಲೆ ನೀ ಅಲ್ಲೇ ಇರು. ಅಲ್ಲೆ ದಿನಾ ಮನ್ಯಾಗ ಒಬ್ಬಾಕಿ ನೋಡ್ಕೊಳ್ಳಾಕಿ ಇರ್ತಾಳ. ಇಲ್ಲೆ ಮಾನಸಿ ಒಬ್ಬಾಕಿ ಎಷ್ಟಂತ ಕಾಯಬೇಕು?"

ಅತ್ತೆ ಕಲಸಿದ ತುತ್ತನ್ನು ತಾಟಿನಲ್ಲೇ ಬಿಟ್ಟರು.

"ತಂಬೂರಿ?"

"ಬಿರದದ್ದು ತಗೊಂಡು ಏನ್ ಮಾಡ್ತೀಯವಾ? ಅಲ್ಲೆ ಜಾಗಾನೂ ಇಲ್ಲ."

"ಹುಡುಗ್ಯಾರು?"

"ಅವರಿಗೆ ನಾ ಹೇಳ್ತೀನಿ."

ಅವರು ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ನಾನು ಮೂಲೆಯ ಡಬ್ಬಿಯತ್ತ ಕಣ್ಣು ಹೊರಳಿಸಿದೆ.

ಶುಕ್ರವಾರ ಸಂಜೆ ಅವರ ಸೀರೆಗಳನ್ನು ಚೀಲಕ್ಕೆ ಹಾಕಲು ಕುಳಿತೆ. ಕಪಾಟಿನಿಂದ ತಾಟುಗಳನ್ನು ತೆಗೆಯುವಾಗ ತಡೆಯಲಾಗದೆ ಕೇಳಿದೆ.

"ಅತ್ಯಾ, ಸಿಟ್ಟಿಗೆ ಏಳಬ್ಯಾಡ್ರಿ. ನಳ ಬಿಟ್ಟು ತಾಟು ಯಾಕ ಬೋರಲ ಹಾಕ್ತೀರಿ? ಈಗ ನೀರು ಯಾವಾಗ್ಲೂ ಇರ್ತದಲ್ರಿ."

ಅವರು ತಂಬೂರಿಗೆ ಹಳೆಯ ದುಪ್ಪಟಿ ಸುತ್ತುತ್ತಿದ್ದರು.

"ನಮ್ಮ ತವರುಮನಿ ಮಾಳಮಡ್ಡ್ಯಾಗ. ಹಿತ್ತಲದಾಗ ಬಾವಿ. ಲಗ್ನಾ ಆಗಿ ಬಂದೆ, ಆ ಮನ್ಯಾಗೂ ಬಾವಿ. ನಳಕ್ಕ ತಾಟು ಬೋರಲ ಹಾಕೂದು ನನಗೇನು ಗೊತ್ತು, ಮಾನಸಿ?"

ತಮ್ಮ ಕೈ ಮಾಡಿದ್ದೂ ಇವರಿಗೆ ನೆನಪಿಲ್ಲ ಎಂದುಕೊಂಡೆ.

"ನಾ ಹೋದ ಮ್ಯಾಲೆ," ಅವರು ಗಂಟು ಬಿಗಿಯುತ್ತ ಹೇಳಿದರು, "ಮಧ್ಯಾಹ್ನ ಮಲಗೂಮುಂದ ನಿನ್ನ ಕೋಣಿ ಕದಾ ಹೊರಗಿನಿಂದ ಹಾಕಿಸ್ಕೋ. ಬಾಜೂಮನಿ ದ್ರಾಕ್ಷಾಯಿಣಿಗೆ ಕೀಲಿ ಕೊಡು. ನಾಲ್ಕಕ್ಕ ಬಂದು ತಗೀತಾಳ."

"ಯಾಕ್ರಿ?"

"ಸುಮ್ಮನ."

ಶನಿವಾರ ಮಿಲಿಂದ ಭಾವನ ಕಾರು ಬೆಳಗಾವಿ ಮುಟ್ಟಿತೆಂದು ಎರಡೂವರೆಗೆ ಫೋನ್ ಬಂತು. ಗಂಡ ಇನ್ನೂ ಕಾರ್ಖಾನೆಯಲ್ಲಿದ್ದರು. ಚೀಲ, ಔಷಧದ ಡಬ್ಬ, ಚಪ್ಪಲಿ ಎಲ್ಲ ಬಾಗಿಲ ಬಳಿ ಸಾಲಾಗಿದ್ದವು. ನನ್ನೊಳಗೆ ಏನೋ ಒಪ್ಪದೆ ಕುಳಿತಿತ್ತು. ಇವತ್ತು ನಿದ್ದೆ ಮಾಡಬಾರದು, ಅತ್ತೆ ಎದ್ದು ನಳ ಬಿಡುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು, ಆಗ ಮನಸ್ಸು ಹಗುರಾಗುತ್ತದೆ ಅನ್ನಿಸಿತು. ಕೋಣೆಯ ಬಾಗಿಲು ತೆರೆದಿಟ್ಟು, ಪಡಸಾಲೆ ಕಾಣುವಂತೆ ಮಂಚದ ಮೇಲೆ ಅಡ್ಡಾದೆ. ಹೊರಗೆ ಬಿಸಿಲಿಗೆ ಓಣಿಯ ನಾಯಿಗಳೂ ಸುಮ್ಮನಿದ್ದವು. ಫ್ಯಾನಿನ ಒಂದು ರೆಕ್ಕೆ ಕಟಕ್ ಎನ್ನುತ್ತಿತ್ತು. ನಾನು ಅದನ್ನು ಎಣಿಸುತ್ತಿದ್ದೆ.

ಡಬ್ಬಿ ಚೀರಿತು.

ಕಣ್ಣು ಬಿಟ್ಟೆ. ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತು. ಹಿಂದಿನ ಹಾಗೆ ಇಳಿದು ಓಡಲಿಲ್ಲ. ಇದ್ದಲ್ಲೇ ಇದ್ದು ಕೇಳಿದೆ. ತಾಟಿನ ಬೆನ್ನಿಗೆ ನೀರು ಅಪ್ಪಳಿಸುತ್ತಿತ್ತು. ಅತ್ತೆಯವರ ಕೋಣೆಯ ಬಾಗಿಲ ಚಿಲಕ ತೆಗೆದ ಸದ್ದು ಕೇಳಿತು. ಆಮೇಲೆ ಅವರು ಕಾಲೆಳೆಯುತ್ತ ಮೋರಿಯ ಕಡೆ ಹೋದ ಸದ್ದು. ನಳ ಕಿರ್ ಎಂದು ನಿಂತಿತು. ಡಬ್ಬಿಯೂ ನಿಂತಿತು.

ಅತ್ತೆ ಈಗ ಬಂದರು. ನೀರು ಅದಕ್ಕೂ ಮೊದಲೇ ಹರಿಯುತ್ತಿತ್ತು.

ಆಗ ನನ್ನ ಅಂಗಾಲುಗಳು ತಣ್ಣಗಿರುವುದು ತಿಳಿಯಿತು. ಬಗ್ಗಿ ಮುಟ್ಟಿದೆ. ಒದ್ದೆ. ಸೀರೆಯ ಅಂಚು ಒದ್ದೆ. ಹಾಸಿಗೆಯ ತುದಿಯಲ್ಲಿ ಎರಡು ಒದ್ದೆ ಕಲೆ. ಮಂಚದಿಂದ ಕೆಳಗೆ ನೋಡಿದೆ. ನೆಲದ ಮೇಲೆ ಹೆಜ್ಜೆಗಳಿದ್ದವು, ಐದೈದು ಬೆರಳು ಸ್ಪಷ್ಟವಾಗಿ ಮೂಡಿದ್ದವು. ಎಲ್ಲವೂ ನನ್ನ ಕಡೆಗೆ ಮುಖ ಮಾಡಿದ್ದವು. ಬಾಗಿಲಿನಿಂದ ಮಂಚದ ತನಕ ಬಂದ ಗುರುತು ಮಾತ್ರ. ಹೋದ ಗುರುತು ಒಂದೂ ಇರಲಿಲ್ಲ.

ಅರಿವೆ ಹಿಡಿದು ಮಂಡಿಯೂರಿ ಹೆಜ್ಜೆಗಳನ್ನು ಒಂದೊಂದಾಗಿ ಒರೆಸುತ್ತ ಬಂದ ಅತ್ತೆ ಹೊಸ್ತಿಲಲ್ಲಿ ತಲೆಯೆತ್ತಿ ನನ್ನನ್ನು ನೋಡಿದರು. ಕೈ ನಿಂತಿತು.

"ಒರಸಬ್ಯಾಡ್ರಿ," ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು. "ಎಂದಿನಿಂದ ಗೊತ್ತದ ನಿಮಗ?"

ಅವರು ಅಲ್ಲೇ ಗೋಡೆಗೊರಗಿ ಕುಳಿತರು.

"ಆ ಡಬ್ಬಿ ಮೊದಲನೇ ಸಲ ಒದರಿತಲ್ಲ, ಅಂದು. ನೀರಿನ ಸದ್ದಿಗೆ ನಾ ಎದ್ದು ಬಂದೆ. ನೀ ಮೋರ್ಯಾಗ ಕೂತಿದ್ದಿ. ಕಣ್ಣು ತಗದಿದ್ದಿ. ಕರದೆ. ನನ್ನ ಮಾರಿ ನೋಡಿ, 'ಅವ್ವಾ, ನೀರು ಬಂದಿಲ್ಲ ಇನ್ನ' ಅಂದಿ. ಮುಂದ ನೀರು ಧೋ ಅಂತ ಬೀಳಲಿಕ್ಕತ್ತದ. ಆ ದನಿ ನಿಂದಲ್ಲ ಮಾನಸಿ. ಸಣ್ಣ ಹುಡುಗೀದು. ಆಮ್ಯಾಲೆ ಎದ್ದು ಸೀದಾ ಹೋಗಿ ಮಲಕೊಂಡಿ. ಅಷ್ಟರಾಗ ಡಬ್ಬಿ ಒದರ್ತು. ಮತ್ತ ನೀ ಓಡಿ ಬಂದು, ಏನ್ರಿ ಇದು ಅಂತ ನನ್ನ ಕೇಳ್ತಿ!"

"ಹೇಳಬೇಕಿಲ್ರಿ?"

"ಏನಂತ ಹೇಳ್ಲಿ? ಮೊದಲ ನಿನಗ ನಿದ್ದಿ ಇಲ್ಲ, ಜೀವಕ್ಕ ಸಮಾಧಾನ ಇಲ್ಲ. ನಿನ್ನ ಕೈಯಾಗ ನೌಕರಿ ಅದ. ವಿಜೂಗ ಗೊತ್ತಾದ್ರ ದವಾಖಾನಿ, ಗುಳಿಗಿ, ನಾಕು ಮಂದಿ ನಾಕು ಮಾತು. ನಾ ವಯಸ್ಸಾದಾಕಿ. ನನ್ನ ಮ್ಯಾಲೆ ಬಂದ್ರ ಯಾರು ಏನಂತಾರ ಅನ್ಕೊಂಡೆ." ಅವರು ಅರಿವೆ ಹಿಂಡಿದರು. "ಇದಕ್ಕ ಮನೀನ ಬಿಡಿಸ್ತಾರಂತ ಗೊತ್ತಿರಲಿಲ್ಲ."

ಸೆಕೆಗೆ ಹೆಜ್ಜೆಗಳು ಅಂಚಿನಿಂದ ಒಣಗುತ್ತಿದ್ದವು. ಮೊದಲು ಹಿಮ್ಮಡಿ ಹೋಯಿತು, ಆಮೇಲೆ ಬೆರಳು. ಕಾರು ಕಿತ್ತೂರು ದಾಟಿರಬೇಕು. ಇನ್ನು ಸ್ವಲ್ಪ ಹೊತ್ತಿಗೆ ನೆಲ ಸ್ವಚ್ಛವಾಗುತ್ತದೆ. ಉಳಿಯುವುದು ನಾನು ಅಚ್ಚುಕಟ್ಟಾಗಿ ಬರೆದುಕೊಟ್ಟ ಹಾಳೆ ಮಾತ್ರ. ಸುಮ್ಮನಿದ್ದರೂ ಆಗುತ್ತಿತ್ತು. ಅತ್ತೆ ಬಾಯಿ ಬಿಡುವವರಲ್ಲ ಎಂಬುದು ನನಗೆ ಅಷ್ಟು ಹೊತ್ತಿಗೆ ತಿಳಿದಿತ್ತು.

ಫೋನ್ ಎತ್ತಿಕೊಂಡೆ.

"ಏನ್ರಿ, ನಳ ಬಿಡೋಕಿ ಅತ್ಯಾ ಅಲ್ಲ. ನಾನು."

ಆ ಕಡೆ ಯಂತ್ರಗಳ ಸದ್ದು. "ಏನಂದಿ?"

"ನಾನ್ರಿ. ನಿದ್ದಿಗಣ್ಣಾಗ. ಮೊದಲನೇದೂ ನಾನ, ತಂಬೂರಿ ಹಾಳಾಗಿದ್ದೂ ನನ್ನಿಂದ. ಭಾವನವರಿಗೆ ಹೇಳ್ರಿ, ಬರ್ಲಿ, ಊಟ ಮಾಡಿ ಹೋಗ್ಲಿ. ಅತ್ಯಾ ಎಲ್ಲೂ ಹೋಗೂದಿಲ್ಲ."

"ಅವ್ವ ಹಿಂಗ ಹೇಳು ಅಂದ್ಳೇನು?"

"ಇಲ್ರಿ," ಎಂದೆ. ಮಂಚದ ಕೆಳಗೆ ಒಂದೇ ಒಂದು ಹೆಜ್ಜೆ ಉಳಿದಿತ್ತು. "ಲಗೂ ಮನಿಗೆ ಬರ್ರಿ. ಬಂದ ಮ್ಯಾಲೆ ಎಲ್ಲಾ ಹೇಳ್ತೀನಿ."

ಫೋನಿಟ್ಟಾಗ ಅತ್ತೆ ಬಾಗಿಲ ಬಳಿಯ ಚೀಲದಿಂದ ಸೀರೆಗಳನ್ನು ತೆಗೆಯುತ್ತಿದ್ದರು. ಅಳುತ್ತಿರಲಿಲ್ಲ, ಮೂಗು ಮಾತ್ರ ಏರಿಸಿದರು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಅತ್ಯಾ, ಮತ್ತ ಅಕಿ ಬಂದ್ರ... ನೀರು ಬಂದದ, ಹೋಗಿ ಮಲಕೋ ಅಂತ ಹೇಳ್ರಿ ಅಕಿಗೆ."

"ಹೇಳೇನಿ," ಎಂದರು ಅವರು, ಸೀರೆಯ ಮಡಿಕೆ ಸರಿಮಾಡುತ್ತ. "ಎರಡನೇ ಸಲ ಬಂದಾಗ ಹೇಳಿದೆ. ಹಂಗಾದ್ರ ಕೊಡ ತುಂಬಿಲ್ಲ ಯಾಕ, ಅಂತ ಕೇಳಿದ್ಳು."

ನಾನು ಎದ್ದು ಅಟ್ಟದಿಂದ ಹಳೆಯ ತಾಮ್ರದ ಕೊಡ ಇಳಿಸಿದೆ. ತೊಳೆದು, ಬಾಯಿ ಮಟ್ಟ ತುಂಬಿಸಿ, ಮೋರಿಯ ಜಾಳಿಯ ಪಕ್ಕದಲ್ಲಿ, ನೆಲದ ಮೇಲೆ ಕುಳಿತವಳ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಇಟ್ಟೆ. ಒರೆಸಿದ ಡಬ್ಬಿಯನ್ನು ತಂದು ನನ್ನ ಮಂಚದ ಕೆಳಗೆ, ಒದ್ದೆ ಕಾಲು ಮರಳಿ ಬಂದು ನಿಲ್ಲುವ ಕಡೆ ಇಟ್ಟೆ.