ತಾರೀಖನ ಕಾರು, ಉಳವಪ್ಪನ ತಂತಿ

ಲಕ್ಷ್ಮೇಶ್ವರದಲ್ಲಿ ತಾರೀಖನ ಕಾರು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಬಜಾರಿನ ಹಿರಿಯರು ಚಹಾದ ಕಪ್ಪು ಹಿಡಿದುಕೊಂಡೇ ಕಟ್ಟೆಯ ಒಳಗೆ ಸರಿದು ಕೂರುತ್ತಿದ್ದರು. ಕೆಂಪು ಬಣ್ಣ, ನೆಲಕ್ಕೆ ತಾಗುವಷ್ಟು ತಗ್ಗು, ಹಿಂದೆ ಇಬ್ಬರು ಮುದುಡಿ ಕೂರುವಷ್ಟೇ ಜಾಗ. ತಾರೀಖನದು ವಾಹನಗಳಿಗೆ ಸೀಟ್ ಕವರ್ ಹೊಲಿಯುವ ಕಸುಬು. ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ಅದರ ಸೈಲೆನ್ಸರ್ ಬದಲಿಸಿದ್ದ, ಗಾಳಿಯ ಪೈಪು ಬದಲಿಸಿದ್ದ. ಸೀಟುಗಳನ್ನಂತೂ ತಾನೇ ಹೊಲಿದಿದ್ದ. ಆ ಹೊಲಿಗೆಗೆ ಹೆಸರಿಡುವವರು ತಾಲೂಕಿನಲ್ಲೇ ಇರಲಿಲ್ಲ. ಅಷ್ಟಕ್ಕೇ ಸುಮ್ಮನಾಗಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಆ ಕಾರಿಗೆ ಕಂಪನಿಯಿಂದಲೇ ಟರ್ಬೊ ಇತ್ತು. ಟರ್ಬೊ ಅಂದರೆ ಮಾಟವೇನಲ್ಲ. ಎಂಜಿನ್ ಹೊರಗೆ ಬಿಡುವ ಹೊಗೆಯ ಬಲಕ್ಕೆ ಒಂದು ಸಣ್ಣ ಚಕ್ರ ತಿರುಗುತ್ತದೆ. ಅದು ತಿರುಗಿದಂತೆ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಈ ಒತ್ತಡಕ್ಕೇ ಬೂಸ್ಟ್ ಎನ್ನುವುದು. ಒತ್ತಡ ಮಿತಿ ಮುಟ್ಟಿದಾಗ ಒಂದು ಚಿಕ್ಕ ಬಾಗಿಲು ತಾನಾಗಿ ತೆರೆದು, ಹೆಚ್ಚಿನ ಹೊಗೆಯನ್ನು ಬೇರೆ ದಾರಿಗೆ ಕಳಿಸುತ್ತದೆ. ಮೆಕ್ಯಾನಿಕರು ಅದಕ್ಕೆ ವೇಸ್ಟ್‌ಗೇಟ್ ಅನ್ನುತ್ತಾರೆ.

ಕಳಸಾಪುರದ ರೈತ ಉಳವಪ್ಪ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಗಳಲ್ಲಿ ದೊಡ್ಡ ಹೆಸರು. ಕಣಕ್ಕೆ ಇಳಿಯುವ ಮುಂಚೆ ಅವನು ತನ್ನ ಟ್ರ್ಯಾಕ್ಟರಿನ ಟರ್ಬೊದ ಬಾಗಿಲು ತೆರೆಯದಂತೆ ತಂತಿ ಬಿಗಿಯುವುದನ್ನು ತಾರೀಖ ಒಮ್ಮೆ ಕಂಡಿದ್ದ. ಅಂದು ಉಳವಪ್ಪನ ಟ್ರ್ಯಾಕ್ಟರ್ ಎದುರಿನ ಟ್ರ್ಯಾಕ್ಟರನ್ನು ದರದರನೆ ಎಳೆದೊಯ್ದಿತ್ತು. ಜನ ರುಮಾಲು ಹಾರಿಸಿದ್ದರು. ತಾರೀಖ ಮನೆಗೆ ಬಂದವನೇ ತನ್ನ ಕಾರಿಗೂ ತಂತಿ ಬಿಗಿದ.

ಅವನ ಉಮೇದಿಗೆ ಕಾರಣವಿತ್ತು. ತಂಗಿ ನಸ್ರೀನಳನ್ನು ಮುಂಡರಗಿಗೆ ಕೊಡುವುದೆಂದು ನಿಶ್ಚಯವಾಗಿತ್ತು, ನಿಕಾಹ್ ಹತ್ತಿರ ಬಂದಿತ್ತು. ಅಪ್ಪ ಇಲ್ಲದ ಮನೆ. ಮದುಮಗಳನ್ನು ಗಂಡನ ಮನೆಗೆ ಮುಟ್ಟಿಸುವವನು ಅಣ್ಣನೇ. ಆ ದಿನ ತಂಗಿಯನ್ನು ತನ್ನ ಕಾರಿನಲ್ಲಿ, ತಾನೇ ಓಡಿಸಿಕೊಂಡು, ಮುಂಡರಗಿ ಮಂದಿ ಬಾಯಿ ತೆರೆದು ನೋಡುವಂತೆ ಕರೆದೊಯ್ಯಬೇಕೆಂಬುದು ಅವನ ಬಲು ದೊಡ್ಡ ಆಸೆ.

ನಿಕಾಹ್‌ನ ವಾರ, ಬಟ್ಟೆ ತರಲೆಂದು ತಾಯಿ ಅಮೀನಬಿಯನ್ನೂ ನಸ್ರೀನಳನ್ನೂ ಕೂರಿಸಿಕೊಂಡು ಗದಗಿಗೆ ಹೊರಟ. ಶಿರಹಟ್ಟಿ ದಾಟುತ್ತಲೇ ನಸ್ರೀನ ಕಿವಿಗೊಟ್ಟಳು.

"ಭಾಯಿ, ಎಂಜಿನ್ನಿನಾಗ ಏನೋ ಕಟಕಟ ಅನ್ನಾಕತ್ತೈತಿ ನೋಡು."

"ಅದು ಪವರ್ ಐತಿ. ನಿನಗೇನ್ ಗೊತ್ತಾಕ್ಕೈತಿ, ಸುಮ್ನ ಕುಂಡ್ರು," ಎಂದು ತಾರೀಖ ಹಾಡಿನ ಸದ್ದು ಜೋರು ಮಾಡಿದ.

ಮುಂದೆ ಉಳ್ಳಾಗಡ್ಡಿ ಚೀಲ ಹೇರಿದ ಟ್ರ್ಯಾಕ್ಟರ್ ನಿಧಾನಕ್ಕೆ ಹೋಗುತ್ತಿತ್ತು. ತಾರೀಖ ಆಕ್ಸಿಲರೇಟರ್ ತುಳಿದು ಬಲಕ್ಕೆ ಹೊರಳಿಸಿದ. ಕಾರು ಚಿಮ್ಮಿತು. ಟ್ರಾಲಿಯ ಪಕ್ಕಕ್ಕೆ ಬರುವಷ್ಟರಲ್ಲಿ ತಿರುವಿನಿಂದ ಲಾರಿಯೊಂದು ಎದುರಾಯಿತು. ಅವನು ಇನ್ನಷ್ಟು ತುಳಿದ. ಆಗಲೇ ಕಾರು ಒಮ್ಮೆ ಜಗ್ಗಿ, ಬಲವೆಲ್ಲ ಕಳೆದುಕೊಂಡಿತು. ಎಷ್ಟು ತುಳಿದರೂ ಮುಂದೆ ಹೋಗಲೊಲ್ಲದು. ಅಮೀನಬಿ "ಯಾ ಅಲ್ಲಾ" ಎಂದು ಮಗಳನ್ನು ಎದೆಗೆ ಅವುಚಿಕೊಂಡಳು.

ಟ್ರ್ಯಾಕ್ಟರಿನವನು ಪುಣ್ಯ ಕಟ್ಟಿಕೊಂಡ. ಬ್ರೇಕ್ ಒತ್ತಿ ಗಾಡಿಯನ್ನು ರಸ್ತೆಯಂಚಿನ ಮಣ್ಣಿಗೆ ಇಳಿಸಿಬಿಟ್ಟ. ಸಿಕ್ಕ ಸಂದಿಗೆ ತಾರೀಖ ಕಾರನ್ನು ಎಡಕ್ಕೆ ಎಳೆದ. ಲಾರಿ ಹಾರ್ನ್ ಒದರುತ್ತ ಪಕ್ಕದಲ್ಲೇ ಹಾದುಹೋಯಿತು. ನಾಲ್ಕು ಚೀಲ ಉಳ್ಳಾಗಡ್ಡಿ ರಸ್ತೆ ತುಂಬ ಉರುಳಿದವು.

ಟ್ರ್ಯಾಕ್ಟರಿನಿಂದ ಇಳಿದು ಬಂದವನು ಬೇರಾರೂ ಅಲ್ಲ, ಉಳವಪ್ಪನೇ!

"ಏನಲೇ ತಾರೀಖಾ, ಮನಿ ಮಂದೀನ ಕುಂದ್ರಿಸ್ಕೊಂಡು ಹಿಂಗ ಹೊಡೀತಾರೇನ?" ಎಂದು ಗದರಿದ. ಆಮೇಲೆ ದನಿ ಇಳಿಸಿದ. "ಬಾನೆಟ್ ತಗಿ, ನೋಡೂಣು."

ಬಾನೆಟ್ಟಿನ ಒಳಗೆ ಕಣ್ಣು ಹಾಯಿಸಿದವನು ಟರ್ಬೊದತ್ತ ಬೆರಳು ತೋರಿಸಿದ. "ಈ ತಂತಿ ಯಾರ ಬಿಗದಾರ?"

"ನಾನ ಬಿಗದೇನಿ. ನಿಮ್ಮನ್ನ ನೋಡೇ ಕಲ್ತೆ ಅಣ್ಣಾ," ಎಂದ ತಾರೀಖ. "ತಂತೀದೇನ್ ತಪ್ಪಿಲ್ಲ ಬಿಡ್ರಿ. ಈ ಕಾರಿನ ಕಂಪ್ಯೂಟರ್‌ದ ಗದ್ದಲ. ನಡುವ ಪೆಟ್ರೋಲ್ ಬಂದ್ ಮಾಡಿಬಿಡ್ತು. ನಾಳೆ ಅದನ್ನ ತಗಸಿಬಿಡ್ತೀನಿ."

"ಅದನ್ನ ತಗಸಿದ್ರ ನಿನ್ನ ಕಥಿ ಮುಗೀತು! ಬೂಸ್ಟ್ ಮಿತಿ ಮೀರ್‍ತು, ಎಂಜಿನ್ ಒಡೀಬಾರ್ದಂತ ಅದು ಪೆಟ್ರೋಲ್ ನಿಲ್ಲಿಸ್ತು. ಅದೂ ಇಲ್ಲಂದ್ರ ಪಿಸ್ಟನ್ ಕರಗತಾವು, ಗ್ಯಾಸ್ಕೆಟ್ ಹಾರತೈತಿ. ಕಟಕಟ ಸಪ್ಪಳ ಬರ್ತಿತ್ತಿಲ್ಲೋ?"

"ಬರ್ತಿತ್ರಿ. ಭಾಯಿ ಹಾಡಿನ ಸಪ್ಪಳ ಜೋರ್ ಮಾಡಿದ," ಎಂದಳು ನಸ್ರೀನ.

"ಅದು ಎಂಜಿನ್ ಅಳೂ ಸಪ್ಪಳಪಾ," ಎಂದ ಉಳವಪ್ಪ ತಾರೀಖನಿಗೆ. "ನೀ ಹಾಡ ಹಚ್ಚಿದಿ."

"ಮತ್ತ ನಿಮ್ಮ ಟ್ರ್ಯಾಕ್ಟರಿಗೆ ಏನೂ ಆಗಂಗಿಲ್ಲಲ್ರಿ?" ತಾರೀಖ ಇನ್ನೂ ಸೋಲಲೊಲ್ಲ.

ಉಳವಪ್ಪ ನಕ್ಕುಬಿಟ್ಟ. "ಆಗಂಗಿಲ್ಲಂತ ಯಾರ್ ಹೇಳಿದ್ರು? ನೀ ಕಣದಾಗಿಂದಷ್ಟ ನೋಡಿದಿ, ಮನಿಗೆ ಬಂದು ನೋಡಲಿಲ್ಲ. ಅದು ಜಗ್ಗೂದು ಒಂದ್ ಗಳಿಗಿ. ಆಮ್ಯಾಲ ಎಂಜಿನ್ ಬಿಚ್ಚಿ ಹರವಿಕೊಂಡು ಕುಂಡ್ರತೀನಿ. ಎರಡ ಸಲ ಸುಟ್ಟೂ ಹೋಗೈತಿ. ಮತ್ತ ಆ ಜಗ್ಗೂ ಟ್ರ್ಯಾಕ್ಟರ್ ಬ್ಯಾರೆ, ಈ ಮಾಲ ಹೇರೂ ಟ್ರ್ಯಾಕ್ಟರ್ ಬ್ಯಾರೆ. ಅದು ರಸ್ತಾಕ್ಕ ಇಳಿಯಂಗನ ಇಲ್ಲ. ಲಾರಿ ಮ್ಯಾಲ ಹೊಕ್ಕೈತಿ, ಲಾರಿ ಮ್ಯಾಲ ಬರ್ತೈತಿ. ಅದರಾಗ ನನ್ನ ಬಿಟ್ರ ಒಂದ್ ನರಪಿಳ್ಳಿ ಕುಂಡ್ರಸಂಗಿಲ್ಲ. ನೀ ಕಲ್ತದ್ದು ಅರ್ಧಾ ತಮ್ಮಾ, ಅದೂ ಬ್ಯಾಡಾದ ಅರ್ಧಾ."

ಅಮೀನಬಿ ಬಾನೆಟ್ಟಿನ ಹತ್ತಿರ ಬಂದಳು. "ಅಂದ್ರ ಇವಾ ಕುಕ್ಕರಿನ ಸೀಟಿ ಮ್ಯಾಲ ಕಲ್ಲ ಇಟ್ಟಾನ?"

"ಬರೋಬ್ಬರಿ ಹೇಳಿದ್ರಿ ನೋಡವಾ!"

"ಇಟ್ಟು, ನನ್ನ ಮಗಳನ್ನ ಅದರ ಮಗ್ಗಲಕ ಕುಂದ್ರಿಸ್ಯಾನ!"

ನಸ್ರೀನ ಕಾರಿನಿಂದ ತನ್ನ ಚೀಲ ತೆಗೆದುಕೊಂಡಳು. "ಭಾಯಿ, ನಾ ಈ ಕಾರಿನಾಗ ಮುಂಡರಗಿಗೆ ಹೋಗಂಗಿಲ್ಲ. ಉಳವಪ್ಪಣ್ಣಾರ ಉಳ್ಳಾಗಡ್ಡಿ ಮ್ಯಾಲ ಕುಂತು ಹೊಕ್ಕೀನಿ, ಆದ್ರ ಇದರಾಗಲ್ಲ."

ಲಾರಿ ಕಂಡಾಗ ಹೆದರದಷ್ಟು ತಾರೀಖ ಈ ಮಾತಿಗೆ ಹೆದರಿದ. ಅಪ್ಪ ಇದ್ದಿದ್ದರೆ ಅಪ್ಪ ಮಾಡುತ್ತಿದ್ದ ಕೆಲಸ ಅದು. ಅದು ತನ್ನ ಕೈ ತಪ್ಪಿ ಹೋಗುತ್ತಿದೆ, ಅದೂ ಒಂದು ತುಂಡು ತಂತಿಯ ಸಲುವಾಗಿ. ಅವನಿಗೆ ನಾಚಿಕೆಯಾಯಿತು, ದುಃಖವೂ ಬಂತು. "ಏನ್ ಮಾಡ್ಲಿ ಹೇಳ್ರಿ ಅಣ್ಣಾ," ಎಂದ.

"ಮೊದಲ ಉಳ್ಳಾಗಡ್ಡಿ ಆರಸು," ಎಂದ ಉಳವಪ್ಪ.

ಉಳ್ಳಾಗಡ್ಡಿ ಆರಿಸಿ ಮುಗಿಯುವಷ್ಟರಲ್ಲಿ ಎಂಜಿನ್ನೂ ಆರಿತ್ತು. ಉಳವಪ್ಪ ಇಕ್ಕಳದಿಂದ ತಂತಿ ಬಿಚ್ಚಿ, ಹರಿದ ಚೀಲವೊಂದರ ಬಾಯಿಗೆ ಬಿಗಿದ. "ಈ ತಂತಿ ಇರಬೇಕಾದ ಜಾಗಾ ಇದು," ಎಂದ. ಹೆಂಗಸರಿಬ್ಬರನ್ನೂ ಗದಗಿನ ಬಸ್ಸಿಗೆ ಹತ್ತಿಸಿದರು. ಟ್ರ್ಯಾಕ್ಟರ್ ಮುಂದೆ, ಕಾರು ಹಿಂದೆ, ಎತ್ತಿನ ನಡಿಗೆಯಲ್ಲಿ ಬೆಟಗೇರಿಯ ಖಾಸಿಂಸಾಬನ ಗ್ಯಾರೇಜು ಮುಟ್ಟಿದರು.

ಖಾಸಿಂಸಾಬ, ಟರ್ಬೊದ ಬಾಗಿಲಿಗೆ ಒತ್ತಡದ ಸುದ್ದಿ ಮುಟ್ಟಿಸುವ ರಬ್ಬರ್ ಪೈಪು ಸೀಳಿದ್ದನ್ನು ತೋರಿಸಿದ. ಹೊಸದು ಹಾಕಿದ. ಬಾಗಿಲು ಸಲೀಸಾಗಿ ತೆರೆದು ಮುಚ್ಚುವುದನ್ನು ನೋಡಿದ. ಬೂಸ್ಟನ್ನು ಕಂಪನಿ ಇಟ್ಟ ಅಳತೆಗೆ ತಂದು, ಕಣ್ಣೆದುರಿಗೇ ಕಾಣುವಂತೆ ಒಂದು ಮೀಟರ್ ಕೂರಿಸಿದ.

"ಮುಳ್ಳು ಈ ಗೆರಿ ದಾಟಿತಂದ್ರ ಕಾಲ ತಗಿ, ಸೀದಾ ಇಲ್ಲಿಗೆ ಬಾ. ಸೈಲೆನ್ಸರ್ ಹಳೇದ ಹಾಕಿಸು. ಗಾಡಿ ಬದಲ್ ಮಾಡಬೇಕಂದ್ರ ಆರ್‌ಟಿಓದವ್ರನ್ನ ಕೇಳಿ ಮಾಡಬೇಕು. ಇಲ್ಲಂದ್ರ ಏನರ ಆದಾಗ ವಿಮಾದವ್ರು ಕೈ ಎತ್ತತಾರ."

"ಓಟ ಕಮ್ಮಿ ಆಕ್ಕೈತೇನ್ರಿ?"

"ಓಡಿಸಿ ನೋಡು."

ಓಡಿಸಿ ನೋಡಿದ. ಕಟಕಟ ಇಲ್ಲ, ಜಗ್ಗಾಟ ಇಲ್ಲ. ಕೇಳಿದಷ್ಟು ಬಲ, ಕೇಳಿದಾಗ ಬಲ. ನಾಗಾವಿ ಕಡೆ ಒಂದು ಸುತ್ತು ಹೋಗಿ ಬಂದವನ ಮುಖ ಅರಳಿತ್ತು. ಊರಿಗೆ ಹೋದವನೇ ಹಳೆಯ ಸೈಲೆನ್ಸರನ್ನೂ ಮತ್ತೆ ಹಾಕಿಸಿದ.

ನಸ್ರೀನ ಮಾತ್ರ ಬಾಯಿಮಾತಿಗೆ ಒಪ್ಪಲಿಲ್ಲ. ತಾಯಿಯೊಡನೆ ಲಕ್ಷ್ಮೇಶ್ವರದಿಂದ ಶಿರಹಟ್ಟಿಯವರೆಗೆ ಹೋಗಿ ಬಂದಳು. ದಾರಿಯುದ್ದಕ್ಕೂ ಮೀಟರಿನ ಮುಳ್ಳು ನೋಡುತ್ತಲೇ ಕೂತಿದ್ದಳು. ಇಳಿಯುವಾಗ, "ಆತು ಭಾಯಿ, ನೀನ ಕರ್ಕೊಂಡ್ ಹೋಗು," ಎಂದಳು. ತಾರೀಖ ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡ.

ನಿಕಾಹ್‌ನ ಸಂಜೆ ಕೆಂಪು ಕಾರು ಮುಂಡರಗಿಯ ದಾರಿ ಹಿಡಿಯಿತು. ಮುಂದೆ ಒಂದು ಟ್ರ್ಯಾಕ್ಟರ್ ಸಿಕ್ಕಿತು. ದಾರಿ ತೆರವಾಗುವವರೆಗೆ ತಾರೀಖ ಅದರ ಹಿಂದೆಯೇ ಹೋದ. ತವರು ಬಿಟ್ಟ ಸಂಕಟಕ್ಕೆ ನಸ್ರೀನ ಒಂದಿಷ್ಟು ದೂರ ಅತ್ತಳು. ಆಮೇಲೆ ಹಿಂದಿನಿಂದ ಸದ್ದೇ ಇಲ್ಲ. ತಾರೀಖ ಕನ್ನಡಿಯಲ್ಲಿ ನೋಡಿದ. ತಂಗಿ ಅಮ್ಮನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಆ ಕಾರಿನಲ್ಲಿ ಅದುವರೆಗೆ ಯಾರೂ ಕಣ್ಣು ಮುಚ್ಚಿದ್ದಿಲ್ಲ. ಮುಂಡರಗಿಯಲ್ಲಿ ಯಾರೂ ಬಾಯಿ ತೆರೆದು ನೋಡಲಿಲ್ಲ, ಕಾರು ಬಂದದ್ದೇ ಅವರಿಗೆ ತಿಳಿಯಲಿಲ್ಲ. ಅದರ ಬಗ್ಗೆ ತಾರೀಖನಿಗೆ ಎಳ್ಳಷ್ಟೂ ಬೇಜಾರಿರಲಿಲ್ಲ.

ಅಣ್ಣಂದಿರೇ, ತಮ್ಮಂದಿರೇ, ಕಣದಲ್ಲಿ ಕಂಡದ್ದನ್ನು ರಸ್ತೆಗೆ ತರಬೇಡಿ. ಟರ್ಬೊದ ಬಾಗಿಲನ್ನು ಕಟ್ಟಬೇಡಿ. ಎಂಜಿನ್ ಕಟಕಟ ಅಂದರೆ ಹಾಡು ನಿಲ್ಲಿಸಿ, ಗಾಡಿಯನ್ನೂ ನಿಲ್ಲಿಸಿ, ಬಲ್ಲವರಿಗೆ ತೋರಿಸಿ. ಬೂಸ್ಟ್ ನಿಮ್ಮ ಹತೋಟಿಯಲ್ಲಿದ್ದರೆ ಮಾತ್ರ ಅದು ನಿಮ್ಮ ಬಲ. ನಿಮ್ಮ ಹಿಂದಿನ ಸೀಟಿನಲ್ಲೂ ನಿಮ್ಮನ್ನು ನಂಬಿ ಯಾರೋ ಕೂತಿರುತ್ತಾರೆ. ಅವರಿಗೆ ನಿದ್ದೆ ಬರುವಂತೆ ಗಾಡಿ ಓಡಿಸಿ.