ಬೆಂಕಿಪೆಟ್ಟಿಗೆಯ ತಾರೀಕು

“ಇದು ಸಿಕ್ಕಿದ್ದು ಯಾವತ್ತು?” ಎಂದು ಮುಕುಂದಯ್ಯ ಯಾರನ್ನೂ ನೋಡದೆ ಕೇಳಿದ. ಕಾಡಿನ ಬೂಷ್ಟು ಎಲ್ಲಿ, ಯಾವಾಗ ಕಂಡಿತೆಂದು ಬರೆದಿಡುವ ಸಾಗರದ ಕಾಲೇಜು ಮೇಷ್ಟರು ಅವನು. ಕೈಯಲ್ಲಿದ್ದ ಬೆಂಕಿಪೆಟ್ಟಿಗೆಯೊಳಗೆ ಸತ್ತ ಜೀರುಂಡೆ, ಅದರ ಬೆನ್ನ ತುಂಬ ಹಳದಿ ಬೂಷ್ಟು. ಪೆಟ್ಟಿಗೆಯ ಮೇಲೆ ‘ಹುಲಿಕಲ್, ೧೯೭೮’ ಮಾತ್ರ ಉಳಿದಿತ್ತು. ದಿನ, ತಿಂಗಳು ನೀರಿಗೆ ಕಲಸಿಹೋಗಿದ್ದವು.

ಅದೇ ಬೂಷ್ಟು ಈ ವರ್ಷವೇ ಆಗಸ್ಟ್ ಒಂದರಂದು ಇನ್ನೊಬ್ಬರಿಗೆ ಸಿಕ್ಕಿದೆಯೆಂದು ನಿನ್ನೆ ಕಾಗದ ಬಂದಿತ್ತು. ಮೊದಲು ಕಂಡವನ ಹೆಸರೇ ದಾಖಲೆಯಲ್ಲಿ ನಿಲ್ಲುವುದು. ಅವನು ದುಗ್ಗಮ್ಮನ ಜಗಲಿಯ ಮೇಲೆ ಕೂತ, ಎದ್ದ, ಮತ್ತೆ ಕೂತ.

ಅಂದು ಕಾಡಿನ ದಾರಿ ತೋರಿಸಿದ್ದ ದುಗ್ಗಮ್ಮ ಅಕ್ಕಿ ಆರಿಸುತ್ತಲೇ ನಕ್ಕಳು. “ಆಶ್ಲೇಷ ಮಳೆ ಹುಟ್ಟಿದ ದಿನ ಕಣ್ರೀ ಮೇಷ್ಟ್ರೆ. ದೇವ್ರ ದೀಪಕ್ಕೆ ಇಟ್ಟಿದ್ದ ಪೆಟ್ಟಿಗೆಯ ಕಡ್ಡಿ ಸುರಿದು ನಿಮ್ಮ ಹುಳಕ್ಕೆ ಕೊಟ್ಟೆ. ಆಮೇಲೆ ನೋಡಿದ್ರೆ ಕಡ್ಡಿ ಇದೆ, ಗೀರಕ್ಕೆ ಪೆಟ್ಟಿಗೆ ಇಲ್ಲ! ಒಲೆ ಕೆಂಡದಲ್ಲಿ ದೀಪ ಹಚ್ಚಿದೆ.”

ಮುಕುಂದಯ್ಯ ಗೋಡೆಯ ಕ್ಯಾಲೆಂಡರ್ ತಿರುವಿದ. ಆಶ್ಲೇಷ ಹುಟ್ಟಿದ್ದು ಆಗಸ್ಟ್ ಮೂರಕ್ಕೆ.

“ಅದರ ಹಿಂದಿನ ಪುಷ್ಯ ಮಳೆನೇ ಇದ್ದಿರ್ಬೇಕು ದುಗ್ಗಮ್ಮ. ಜುಲೈ ಮೂವತ್ತೊಂದು ಅಂತ ಬರೀತೀನಿ. ಜೊತೆಗಿದ್ದವರ ಸಹಿ ಬೇಕು, ಇಲ್ಲೊಂದು ಹಾಕಿ. ಮೂರು ದಿನ ಹಿಂದೆಮುಂದೆ ಆದ್ರೆ ಯಾರಿಗೆ ಗೊತ್ತಾಗುತ್ತೆ?”

“ದೀಪ ಹಚ್ಚಿದೋಳಿಗೆ ಗೊತ್ತು, ಹಚ್ಚಿಸ್ಕೊಂಡ ದೇವ್ರಿಗೂ ಗೊತ್ತು.” ದುಗ್ಗಮ್ಮ ಪೆನ್ನನ್ನು ಅವನ ಕಡೆಗೆ ಸರಿಸಿದಳು. “ಮೂರನೇ ತಾರೀಕು ಅಂತ ಬರೀರಿ, ಈಗ್ಲೇ ಹಾಕ್ತೀನಿ. ಇದಕ್ಕೆ ಹಾಕಲ್ಲ.”